ಕಾಡುಕೋಣಕ್ಕೆ ಎಳೆದ ಬರೆ

ಇಟಲಿಯ ಫುಟ್‌ಬಾಲ್ ಬಲ್ಲವರ ಮುಂದೆ ಡಾರಿಯೊ ಹ್ಯೂಬ್ನರ್‌ನ ಹೆಸರೆತ್ತಿ ನೋಡಿ. ಮೊದಲು ಮುಖದ ಮೇಲೊಂದು ನಗು ಮೂಡುತ್ತದೆ. ಆಮೇಲೆ ಸಿಗರೇಟಿನ ಮಾತು ಬರುತ್ತದೆ, ಅದರ ಬೆನ್ನಿಗೇ ಗ್ರಾಪ್ಪಾ. ವೈನಿಗೆಂದು ದ್ರಾಕ್ಷಿ ಹಿಂಡಿದ ಮೇಲೆ ಉಳಿಯುವ ಸಿಪ್ಪೆ, ಬೀಜಗಳಿಂದ ಭಟ್ಟಿ ಇಳಿಸುವ ಕಟುವಾದ ಮದ್ಯ ಅದು; ಉತ್ತರ ಇಟಲಿಯಲ್ಲಿ ಊಟದ ನಂತರ ಒಂದು ಗುಟುಕು ಏರಿಸುವುದು ಹಳೆಯ ರೂಢಿ. ಬ್ರೆಷಿಯಾ ಕ್ಲಬ್ಬಿನ ಅಂದಿನ ಅಧ್ಯಕ್ಷ ಲುಯಿಜಿ ಕೊರಿಯೋನಿ ಹೇಳಿದ್ದೆಂದು ಪ್ರಚಾರದಲ್ಲಿರುವ ಒಂದು ಮಾತನ್ನು ಪತ್ರಿಕೆಗಳು ಇಂದಿಗೂ ಅಚ್ಚು ಹಾಕುತ್ತಲೇ ಇವೆ. ಈ ಎರಡು ಚಟ ಇಲ್ಲದಿದ್ದರೆ ಹ್ಯೂಬ್ನರ್ ಎಲ್ಲರನ್ನೂ ಮೀರಿಸಿದ ಸ್ಟ್ರೈಕರ್ ಆಗುತ್ತಿದ್ದನಂತೆ. ಮಾತು ಚಿಕ್ಕದು, ಹೇಳುವುದಕ್ಕೆ ಸುಲಭ, ಕೇಳಿದವರಿಗೆ ಇಡೀ ಬದುಕೇ ಅರ್ಥವಾಯಿತೆಂಬ ಸಮಾಧಾನ. ಪ್ರತಿಭೆಯಿತ್ತು, ಶಿಸ್ತಿರಲಿಲ್ಲ, ಊರೂರು ಅಲೆದ, ಮುಗಿಯಿತು.

ಈ ಕಥೆ ಸುಳ್ಳು. ಅದೂ ನಿರುಪದ್ರವಿ ಸುಳ್ಳಲ್ಲ. ಇದರಿಂದ ಅನುಕೂಲವಾಗುವವರಿದ್ದಾರೆ, ಮತ್ತು ಅವರು ಯಾರೂ ಹ್ಯೂಬ್ನರ್‌ನ ಕಡೆಯವರಲ್ಲ. ಹತ್ತು ವರ್ಷ ಕಣ್ಣೆದುರೇ ಗೋಲು ಹೊಡೆಯುತ್ತಿದ್ದವನನ್ನು ನೋಡದೆ ಕೂತ ದೊಡ್ಡ ಕ್ಲಬ್ಬುಗಳು, ವಯಸ್ಸಿನ ಕಾಲಂ ನೋಡಿ ಹೆಸರು ಹೊಡೆದುಹಾಕಿದ ಖರೀದಿದಾರರು, ರಾಷ್ಟ್ರೀಯ ತಂಡವನ್ನು ಆರಿಸುವವರು, ಎಲ್ಲರೂ ಆ ಸಿಗರೇಟಿನ ಹೊಗೆಯ ಮರೆಯಲ್ಲಿ ನಿಂತು ಕೈತೊಳೆದುಕೊಂಡಿದ್ದಾರೆ. ಅಭಿಮಾನಿಗಳು ಅವನಿಗಿಟ್ಟ ಅಡ್ಡಹೆಸರು ಟಟಂಕಾ, ಅಮೆರಿಕದ ಬಯಲಿನ ಕಾಡುಕೋಣ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ನಮ್ಮ ಗಾದೆಯಲ್ಲಿ ಎಮ್ಮೆಯ ಜಾಗಕ್ಕೆ ಕೋಣ ಬಂದಿದೆ, ಅಷ್ಟೇ ವ್ಯತ್ಯಾಸ.

ಮೊದಲು ನಡೆದದ್ದನ್ನು ನೋಡೋಣ. ಹ್ಯೂಬ್ನರ್ ಹುಟ್ಟಿದ್ದು 1967ರ ಏಪ್ರಿಲ್‌ನಲ್ಲಿ, ತ್ರಿಯೆಸ್ತೆಯ ಪಕ್ಕ, ಇಂದಿನ ಸ್ಲೊವೇನಿಯಾದ ಗಡಿಗೆ ತಾಗಿಕೊಂಡಿರುವ ಮುಜ್ಜಾ ಎಂಬ ಕಡಲೂರಿನಲ್ಲಿ. ಜರ್ಮನ್ ಉಪನಾಮ ಅಜ್ಜನ ಕಡೆಯಿಂದ ಬಂದದ್ದು. ಓದು ಬೇಗ ಬಿಟ್ಟ, ಕಬ್ಬಿಣ, ಅಲ್ಯೂಮಿನಿಯಂ ಕೆಲಸಕ್ಕೆ ಸೇರಿದ; ಕಿಟಕಿ, ಬಾಗಿಲಿನ ಚೌಕಟ್ಟು ಕೂರಿಸುವ ದುಡಿಮೆ. ಇಟಲಿಯ ದೊಡ್ಡ ಕ್ಲಬ್ಬುಗಳು ಹದಿನಾಲ್ಕರ ಹುಡುಗರನ್ನು ಹಾಸ್ಟೆಲಿನಲ್ಲಿಟ್ಟು ಊಟ, ಓಟ, ನಿದ್ದೆ ಎಲ್ಲಕ್ಕೂ ಲೆಕ್ಕವಿಟ್ಟು ಬೆಳೆಸುವ ವಯಸ್ಸಿನಲ್ಲಿ ಇವನ ಕೈಯಲ್ಲಿ ಸುತ್ತಿಗೆ ಇತ್ತು. ಇಪ್ಪತ್ತನೆಯ ವಯಸ್ಸಿನಲ್ಲಿ ತ್ರೆವೀಸೊ ಸೀಮೆಯ ಪಿಯೆವಿಜಿನಾ ಎಂಬ ಹವ್ಯಾಸಿ ತಂಡ, ಮರುವರ್ಷ ಕ್ರೇಮಾ ಊರಿನ ಪೆರ್ಗೊಕ್ರೇಮಾ, ಅಲ್ಲಿಂದ ಆಡ್ರಿಯಾಟಿಕ್ ದಂಡೆಯ ಫಾನೊ. ಅಲ್ಲಿ ಫ್ರಾಂಚೆಸ್ಕೊ ಗ್ವಿದೊಲಿನ್ ಎಂಬ ತರುಣ ಕೋಚ್ ಕೈಕೆಳಗೂ ಆಡಿದ. ಮುಂದೆ ಇಟಲಿಯ ಅಗ್ರ ದರ್ಜೆಯಾದ ಸೀರಿ ಎಯಲ್ಲಿ ದೊಡ್ಡ ಹೆಸರು ಮಾಡಿದವರು ಅವರು. 1991-92ರಲ್ಲಿ ಹ್ಯೂಬ್ನರ್ ಮೂರನೆಯ ದರ್ಜೆಯಾದ ಸೀರಿ ಸಿ 1ರಲ್ಲಿ ಅತಿ ಹೆಚ್ಚು ಗೋಲು ಹೊಡೆದವನಾದ. ಆಗ ಅವನಿಗೆ ಇಪ್ಪತ್ತೈದು ತುಂಬಿತ್ತು. ಚೇಜೇನಾ ಕ್ಲಬ್ ಕರೆದುಕೊಂಡಿತು.

ಚೇಜೇನಾದ ಐದು ವರ್ಷಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಸಿಗರೇಟಿನ ಕಥೆ ಹೇಳುವವರು ಈ ಐದು ವರ್ಷವನ್ನು ಹಾರಿಸಿಯೇ ಮುಂದೆ ಹೋಗುತ್ತಾರೆ. ಚೇಜೇನಾ ಆಡುತ್ತಿದ್ದ ಎರಡನೆಯ ದರ್ಜೆ, ಸೀರಿ ಬಿ, ಕಡಿಮೆಯ ಲೀಗಲ್ಲ. ಉದ್ದನೆಯ ಋತು, ಕೆಸರಿನ ಮೈದಾನ, ಊರ ಮಾನವನ್ನೇ ಪಣಕ್ಕಿಟ್ಟಂತೆ ಕೂಗುವ ಜನ, ಮೊಣಕೈ ಬಳಸಲು ಹಿಂಜರಿಯದ ಡಿಫೆಂಡರ್‌ಗಳು. 1994ರ ಜೂನ್‌ನಲ್ಲಿ ಚೇಜೇನಾ ಸೀರಿ ಎಗೆ ಬಡ್ತಿ ಪಡೆಯಲು ಒಂದೇ ಒಂದು ಪಂದ್ಯ ಬಾಕಿಯಿತ್ತು. ಕ್ರೆಮೋನಾದ ತಟಸ್ಥ ಮೈದಾನದಲ್ಲಿ ಪಾದೊವಾ ವಿರುದ್ಧ. 1-2ರಿಂದ ಸೋತಿತು. ಹ್ಯೂಬ್ನರ್‌ಗೆ ಆಗ ಇಪ್ಪತ್ತೇಳು. ಆ ಸಂಜೆ ಚೆಂಡು ಬೇರೆ ಕಡೆ ಉರುಳಿದ್ದರೆ ಅವನು ಅಗ್ರ ದರ್ಜೆಗೆ ಮೂರು ವರ್ಷ ಮುಂಚೆ ಬರುತ್ತಿದ್ದ. ಇದರಲ್ಲಿ ಹೊಗೆಸೊಪ್ಪಿನ ಪಾತ್ರ ಎಲ್ಲಿದೆ? ಎರಡು ವರ್ಷದ ನಂತರ, 1995-96ರಲ್ಲಿ, ಅದೇ ಚೇಜೇನಾಕ್ಕೆ 22 ಗೋಲು ಹೊಡೆದು ಸೀರಿ ಬಿಯ ಅಗ್ರಗೋಲಿಗನಾದ. ದೊಡ್ಡ ಕ್ಲಬ್ಬೊಂದೂ ಬಾಗಿಲು ತಟ್ಟಲಿಲ್ಲ. ಮರುವರ್ಷ ಚೇಜೇನಾವೇ ಕೆಳಗಿನ ದರ್ಜೆಗೆ ಜಾರಿತು.

ಇನ್ನೊಬ್ಬನ ಜೊತೆ ಹೋಲಿಸಿ ನೋಡಿ. ಪಲೇರ್ಮೊದ ಬಡ ಕೇರಿಯಿಂದ ಬಂದ ಸಾಲ್ವತೋರೆ ಸ್ಕಿಲ್ಲಾಚಿ ಏಳು ವರ್ಷ ಮೆಸ್ಸೀನಾ ಎಂಬ ಸಣ್ಣ ಕ್ಲಬ್ಬಿನಲ್ಲಿ ಸವೆದ. 1988-89ರಲ್ಲಿ 23 ಗೋಲು ಹೊಡೆದು ಸೀರಿ ಬಿಯ ಅಗ್ರಗೋಲಿಗನಾದ. ಯುವೆಂಟಸ್ ತಕ್ಷಣ ಕೊಂಡುಕೊಂಡಿತು. ಮರುವರ್ಷ ವಿಶ್ವಕಪ್, ಆರು ಗೋಲು, ಚಿನ್ನದ ಬೂಟು, ಇಡೀ ಇಟಲಿ ಅವನ ಅಗಲವಾದ ಕಣ್ಣುಗಳನ್ನು ನೋಡುತ್ತ ಬೇಸಿಗೆ ಕಳೆಯಿತು. ಹ್ಯೂಬ್ನರ್‌ನ ಸಾಧನೆಗೂ ಸ್ಕಿಲ್ಲಾಚಿಯ ಸಾಧನೆಗೂ ಒಂದೇ ಒಂದು ಗೋಲಿನ ಅಂತರ. ವಯಸ್ಸಿನ ಅಂತರ ಮಾತ್ರ ಐದು ವರ್ಷ. ಒಬ್ಬನಿಗೆ ಇಪ್ಪತ್ತನಾಲ್ಕು, ಇನ್ನೊಬ್ಬನಿಗೆ ಇಪ್ಪತ್ತೊಂಬತ್ತು.

ಇಟಲಿಯ ಆಟಗಾರರ ಮಾರುಕಟ್ಟೆ ಹೇಗೆ ನಡೆಯುತ್ತಿತ್ತೆಂದು ಗೊತ್ತಿದ್ದವರಿಗೆ ಇದರಲ್ಲಿ ಒಗಟೇನೂ ಇಲ್ಲ. ಅಲ್ಲಿ ಬಹುಕಾಲ ಒಬ್ಬ ಆಟಗಾರನ ಹಕ್ಕನ್ನು ಎರಡು ಕ್ಲಬ್ಬುಗಳು ಅರ್ಧರ್ಧ ಹಂಚಿಕೊಳ್ಳುವ ಪದ್ಧತಿಯಿತ್ತು. ಹುಡುಗನೊಬ್ಬ ಭರವಸೆ ಹುಟ್ಟಿಸಿದರೆ ದೊಡ್ಡ ಕ್ಲಬ್ ಅರ್ಧ ಕೊಂಡು ಸಣ್ಣ ಕ್ಲಬ್ಬಿನಲ್ಲೇ ಆಡಲು ಬಿಡುತ್ತಿತ್ತು. ಅವಧಿ ಮುಗಿದಾಗ ಒಪ್ಪಂದಕ್ಕೆ ಬರದಿದ್ದರೆ ಇಬ್ಬರೂ ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆದು ಕೊಡಬೇಕು. ಹೆಚ್ಚು ಬರೆದವರಿಗೆ ಪೂರ್ತಿ ಆಟಗಾರ. 2014ರಲ್ಲಿ ಈ ಪದ್ಧತಿಯನ್ನು ರದ್ದು ಮಾಡಿದರು. ಆ ಪದ್ಧತಿಯ ಹಿಂದಿದ್ದ ತರ್ಕ ಸರಳ: ಇಂದು ಕೊಂಡದ್ದು ನಾಳೆ ಹೆಚ್ಚಿಗೆ ಮಾರುವಂತಿರಬೇಕು. ಇಪ್ಪತ್ತರ ಹುಡುಗನ ಅರ್ಧಕ್ಕೆ ಗಿರಾಕಿ ಇದ್ದಾರೆ, ಇಪ್ಪತ್ತೊಂಬತ್ತರ ಗಂಡಸಿನ ಅರ್ಧ ಯಾರಿಗೆ ಬೇಕು? ಅವನು ಮುಂದಿನ ಭಾನುವಾರ ಗೋಲು ಹೊಡೆಯಬಲ್ಲ, ಲೆಕ್ಕಪುಸ್ತಕದಲ್ಲಿ ಲಾಭ ತೋರಿಸಲಾರ. ಖರೀದಿಗೂ ಮಾರಾಟಕ್ಕೂ ನಡುವಿನ ಈ ಲಾಭದ ಮೇಲೆಯೇ ಇಟಲಿಯ ಕ್ಲಬ್ಬುಗಳು ಎಷ್ಟು ನೆಚ್ಚಿಕೊಂಡಿದ್ದವೆಂದರೆ, ಇಂಥ ಲಾಭಗಳನ್ನು ಉಬ್ಬಿಸಿ ತೋರಿಸಿದ ಪ್ರಕರಣದಲ್ಲಿ 2022-23ರ ಋತುವಿನಲ್ಲಿ ಯುವೆಂಟಸ್‌ನ ಅಂಕಗಳನ್ನೇ ಕಡಿತ ಮಾಡಬೇಕಾಯಿತು. ಮೊದಲು 15, ಮರುವಿಚಾರಣೆಯ ನಂತರ 10. ಆಟಗಾರರ ನಿಜವಾದ ಬೆಲೆ ಗುರುತಿಸುವುದರಲ್ಲಿ ಈ ಮಾರುಕಟ್ಟೆ ಎಂದೂ ಎಡವುವುದಿಲ್ಲ, ಹ್ಯೂಬ್ನರ್‌ನಲ್ಲಿ ಸತ್ವವಿದ್ದಿದ್ದರೆ ಅದು ಅವನನ್ನು ಹುಡುಕಿಕೊಂಡು ಬರುತ್ತಿತ್ತು ಎಂದು ವಾದಿಸುವವರು ಈ ತೀರ್ಪನ್ನೊಮ್ಮೆ ನೆನಪಿಸಿಕೊಳ್ಳಲಿ.

ಇದರ ಮೇಲೆ ಕಾಲವೂ ಕೈಕೊಟ್ಟಿತು. ಯುರೋಪಿನ ನ್ಯಾಯಾಲಯದ ಬೋಸ್ಮನ್ ತೀರ್ಪು ಬಂದದ್ದು 1995ರ ಡಿಸೆಂಬರ್‌ನಲ್ಲಿ, ಹ್ಯೂಬ್ನರ್ ತನ್ನ 22 ಗೋಲುಗಳ ಋತುವಿನ ನಡುವೆ ಇದ್ದಾಗ. ಯುರೋಪಿನ ಒಕ್ಕೂಟದ ಆಟಗಾರರ ಮೇಲಿದ್ದ ಮಿತಿ ಬಿದ್ದುಹೋಯಿತು. ಇಟಲಿಯ ಶ್ರೀಮಂತ ಕ್ಲಬ್ಬುಗಳಿಗೆ ಇಡೀ ಖಂಡವೇ ಅಂಗಡಿಯಾಯಿತು. ಸೀರಿ ಬಿಯ ಸ್ಟ್ರೈಕರನ್ನು ಹುಡುಕಿಕೊಂಡು ಚೇಜೇನಾಕ್ಕೆ ಹೋಗುವ ತಾಪತ್ರಯ ಇನ್ಯಾಕೆ? ಕಾರಣ ಇದೊಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಸಿಗರೇಟು ಪ್ಯಾಕೆಟ್ಟಿಗಿಂತ ಇದು ತೂಕದ ಕಾರಣ.

ಇನ್ನು ಆ ಪ್ಯಾಕೆಟ್ಟಿನ ವಿಷಯಕ್ಕೇ ಬರೋಣ. ನಮ್ಮಲ್ಲಿ ಸಿನಿಮಾ ಶುರುವಾಗುವ ಮುಂಚೆ ತೋರಿಸುವ ಎಚ್ಚರಿಕೆಯನ್ನು ಇಲ್ಲಿಯೂ ಒಮ್ಮೆ ಓದಿಕೊಂಡುಬಿಡಿ. ಧೂಮಪಾನದ ವಕಾಲತ್ತು ನನ್ನ ಕೆಲಸವಲ್ಲ. ಹ್ಯೂಬ್ನರ್ ಸೇದುತ್ತಿದ್ದ, ಅದನ್ನು ಅವನು ಎಂದೂ ಬಚ್ಚಿಟ್ಟವನಲ್ಲ. ಪ್ರಶ್ನೆ ಇಷ್ಟೇ, ಆ ಕಾಲದ ಫುಟ್‌ಬಾಲಿನಲ್ಲಿ ಸೇದುವುದು ಒಬ್ಬನ ದಾರಿಗೆ ಅಡ್ಡ ಬರುತ್ತಿತ್ತೇ? ಯೋಹಾನ್ ಕ್ರೈಫ್ ಸಿಗರೇಟಿನ ಮೇಲೆ ಸಿಗರೇಟು ಹಚ್ಚುತ್ತಲೇ ಮೂರು ಬಾರಿ ಯುರೋಪಿನ ಶ್ರೇಷ್ಠ ಆಟಗಾರನೆಂಬ ಚಿನ್ನದ ಚೆಂಡು ಗೆದ್ದ. 1991ರಲ್ಲಿ ಅವನ ಹೃದಯಕ್ಕೆ ಶಸ್ತ್ರಚಿಕಿತ್ಸೆ ಆಯಿತು, ಚಟ ಬಿಟ್ಟ. ಆದರೆ ಅವನ ಆಟವನ್ನು ಸಿಗರೇಟು ತಿಂದುಹಾಕಿತೆಂದು ಯಾರೂ ಬರೆಯಲಿಲ್ಲ. ಬ್ರೆಜಿಲಿನ ಸಾಕ್ರಟೀಸ್, ವೈದ್ಯಕೀಯ ಪದವಿ ಪಡೆದವನು, ಧೂಮಪಾನಿ, ಬಿಯರ್ ಪ್ರೇಮಿ. 1984ರಲ್ಲಿ ಫಿಯೊರೆಂಟೀನಾ ಅವನನ್ನು ಸಂಭ್ರಮದಿಂದ ಬರಮಾಡಿಕೊಂಡಿತು. 2006ರ ವಿಶ್ವಕಪ್ ಸೆಮಿಫೈನಲ್‌ಗೆ ಮುನ್ನ ಹೋಟೆಲಿನ ಬಾಲ್ಕನಿಯಲ್ಲಿ ಸಿಗರೇಟು ಹಿಡಿದಿದ್ದ ಫ್ರಾನ್ಸಿನ ಜಿದಾನ್‌ನ ಚಿತ್ರ ಲೋಕಕ್ಕೆಲ್ಲ ಗೊತ್ತು. ಜಿದಾನ್ ಸೇದಿದರೆ ಅದು ಮೇಧಾವಿಯ ಏಕಾಂತ. ಹ್ಯೂಬ್ನರ್ ಸೇದಿದರೆ ಕಮ್ಮಾರನ ಚಟ. ಒಂದೇ ಹೊಗೆಗೆ ಎರಡು ವಾಸನೆ ಹೇಗೆ ಬಂತೆಂದು ಕೇಳಿದರೆ ಇಟಲಿಯ ಕ್ರೀಡಾ ಪತ್ರಿಕೆಗಳು ಉತ್ತರಿಸುವುದಿಲ್ಲ.

ಇನ್ನೂ ಗಟ್ಟಿಯಾದ ಸಾಕ್ಷಿ ಅವನ ದೇಹವೇ. ಚಟದಿಂದ ಹಾಳಾದ ಆಟಗಾರರ ಲಕ್ಷಣ ನಮಗೆ ಗೊತ್ತಿದೆ. ಬೇಗ ಉರಿಯುತ್ತಾರೆ, ಇಪ್ಪತ್ತೆಂಟಕ್ಕೆ ತೂಕ ಏರುತ್ತದೆ, ಮೂವತ್ತಕ್ಕೆ ಮಾತು ಮಾತ್ರ ಉಳಿಯುತ್ತದೆ. ಹ್ಯೂಬ್ನರ್‌ನ ಗ್ರಾಫ್ ಇದಕ್ಕೆ ತಿರುಗುಮುರುಗು. ಮೂವತ್ತಕ್ಕೆ ಸೀರಿ ಎ ಪ್ರವೇಶ. ಮೂವತ್ತೈದಕ್ಕೆ ಶಿಖರ. ನಲವತ್ತು ದಾಟಿಯೂ ಸಣ್ಣ ಊರುಗಳ ತಂಡಗಳಲ್ಲಿ ಆಡಿದ. ವೃತ್ತಿಯಲ್ಲಿ ಒಟ್ಟು ಮುನ್ನೂರಕ್ಕೂ ಹೆಚ್ಚು ಗೋಲು. ಪೋಲಾದ ದೇಹವೊಂದು ಇಷ್ಟೆಲ್ಲ ಮಾಡುತ್ತದೆಂದು ನಂಬಬೇಕಾದರೆ ವೈದ್ಯಶಾಸ್ತ್ರವನ್ನೇ ಹೊಸದಾಗಿ ಬರೆಯಬೇಕು.

1997ರ ಆಗಸ್ಟ್ 31, ಮಿಲಾನ್‌ನ ಸ್ಯಾನ್ ಸಿರೊ. ಇಂಟರ್ ಕ್ಲಬ್ ಬಾರ್ಸಿಲೋನಾದಿಂದ ಅಂದಿನ ವಿಶ್ವದಾಖಲೆಯ ಬೆಲೆ ತೆತ್ತು ತಂದ ಬ್ರೆಜಿಲಿನ ರೊನಾಲ್ಡೊನ ಮೊದಲ ಲೀಗ್ ಪಂದ್ಯ. ಎದುರಾಳಿ ಆಗಷ್ಟೇ ಬಡ್ತಿ ಪಡೆದ ಬ್ರೆಷಿಯಾ. ಇಡೀ ಲೋಕದ ಕ್ಯಾಮೆರಾಗಳು ರೊನಾಲ್ಡೊನ ಮೇಲೆ. ಮೊದಲ ಗೋಲು ಬಂದದ್ದು ಹ್ಯೂಬ್ನರ್‌ನ ಕಾಲಿನಿಂದ. ಅವನಿಗೂ ಅದು ಸೀರಿ ಎಯಲ್ಲಿ ಮೊದಲ ಪಂದ್ಯ. ಆಮೇಲೆ ಬೆಂಚಿನಿಂದ ಬಂದ ಅಲ್ವಾರೊ ರೆಕೋಬಾ ದೂರದಿಂದ ಎಡಗಾಲಿನಲ್ಲಿ ಎರಡು ಗೋಲು ಸಿಡಿಸಿ ಇಂಟರನ್ನು ಗೆಲ್ಲಿಸಿದ. ಆ ಸಂಜೆ ಇಂದಿಗೂ ರೊನಾಲ್ಡೊ ಬಂದ ದಿನ, ಇಲ್ಲವೇ ರೆಕೋಬಾ ಮಿಂಚಿದ ದಿನ. ಸರಿ, ರೆಕೋಬಾನ ಆ ಹೊಡೆತಗಳು ಅದಕ್ಕೆ ಅರ್ಹವೇ. ಆದರೆ ಅದೇ ಋತುವಿನಲ್ಲಿ ಹ್ಯೂಬ್ನರ್ ಹೊಡೆದದ್ದು 16 ಗೋಲು; ಹಿಂಬಡ್ತಿ ಪಡೆದ ತಂಡಕ್ಕೆ, ಜೀವನದ ಮೊದಲ ಅಗ್ರ ದರ್ಜೆಯ ಋತುವಿನಲ್ಲಿ, ಮೂವತ್ತೊಂದರ ಹೊಸ್ತಿಲಲ್ಲಿ. ತಂಡದ ಜೊತೆ ಅವನೂ ಸೀರಿ ಬಿಗೆ ಇಳಿದ. ಮೇಲಿನಿಂದ ಕೈ ಚಾಚಿದವರಿಲ್ಲ.

ವಿರೋಧಿ ಪಕ್ಷಕ್ಕೆ ನ್ಯಾಯ ಮಾಡುವುದಾದರೆ ಅವರದೊಂದು ವಾದವನ್ನು ಒಪ್ಪಬೇಕು. ಹ್ಯೂಬ್ನರ್‌ನ ಆಟ ನಯವಾದದ್ದಲ್ಲ. ಇಕ್ಕಟ್ಟಿನಲ್ಲಿ ಚೆಂಡನ್ನು ಕಾಲಿಗಂಟಿಸಿಕೊಂಡು ಮೂವರನ್ನು ದಾಟುವ ಕಲೆ ಅವನದಲ್ಲ. ಅವನಿಗೆ ಬೇಕಿದ್ದದ್ದು ಎದುರಾಳಿಯ ಬೆನ್ನ ಹಿಂದಿನ ಖಾಲಿ ಜಾಗ, ಅಲ್ಲಿಗೆ ತಲೆ ತಗ್ಗಿಸಿ ಓಡುವ ದಾರಿ, ಆ ದಾರಿಗೆ ಚೆಂಡು ಬಿಡುವವನೊಬ್ಬ. ಎದುರಾಳಿಯ ಅರ್ಧದಲ್ಲೇ ಬೀಡುಬಿಡುವ ದೊಡ್ಡ ತಂಡಕ್ಕೆ ಅಂಥ ಜಾಗ ಕಡಿಮೆ ಸಿಗುತ್ತದೆ. ಹಾಗಾಗಿ ಯುವೆಂಟಸ್‌ಗೋ ಮಿಲಾನ್‌ಗೋ ಇವನು ಹೊಂದುತ್ತಿರಲಿಲ್ಲ ಎನ್ನುವುದು ಚರ್ಚಿಸಬಹುದಾದ, ಗೌರವಯುತವಾದ ಅಭಿಪ್ರಾಯ. ನನ್ನ ತಕರಾರು ಇಲ್ಲೇ. ಆಟದ ಬಗ್ಗೆ ಹೀಗೆ ಮಾತಾಡಬಹುದಾಗಿದ್ದಾಗ, ಅದನ್ನು ಬಿಟ್ಟು ಗ್ರಾಪ್ಪಾದ ಬಗ್ಗೆ ಯಾಕೆ ಮಾತಾಡಿದರು? ಒಬ್ಬ ಸ್ಟ್ರೈಕರ್ ಗೋಲಿನ ಮುಂದೆ ಹೇಗೆ ಜಾಗ ಮಾಡಿಕೊಳ್ಳುತ್ತಿದ್ದ ಎಂದು ಬರೆಯಲು ಪಂದ್ಯ ನೋಡಬೇಕು. ಅವನ ಜೇಬಿನಲ್ಲಿ ಏನಿತ್ತೆಂದು ಬರೆಯಲು ಏನೂ ನೋಡಬೇಕಿಲ್ಲ.

2000ದಲ್ಲಿ ಬ್ರೆಷಿಯಾ ಮತ್ತೆ ಸೀರಿ ಎಗೆ ಬಂತು, ಈ ಸಲ ರೋಮಿನ ಹಳೆಯ ಹುಲಿ ಕಾರ್ಲೊ ಮಾಜ್ಜೋನೆ ಕೋಚ್ ಆಗಿ ಬಂದರು, ಅವರ ಹಿಂದೆ ರೊಬೆರ್ತೊ ಬ್ಯಾಜಿಯೊ ಬಂದ. ಬ್ಯಾಜಿಯೊ, ಹ್ಯೂಬ್ನರ್ ಇಬ್ಬರೂ 1967ರಲ್ಲಿ ಎರಡೇ ತಿಂಗಳ ಅಂತರದಲ್ಲಿ ಹುಟ್ಟಿದವರು. ಒಬ್ಬ ಹದಿನೆಂಟಕ್ಕೇ ಫಿಯೊರೆಂಟೀನಾ ಸೇರಿ ಚಿನ್ನದ ಚೆಂಡಿನವರೆಗೆ ಹೋದವನು; ಇನ್ನೊಬ್ಬ ಆ ವಯಸ್ಸಿನಲ್ಲಿ ಚೌಕಟ್ಟು ಕೂರಿಸುತ್ತಿದ್ದವನು. ಚೆಂಡು ಬಿಡಬಲ್ಲವನೊಬ್ಬ ಕೊನೆಗೂ ಸಿಕ್ಕ. ಹ್ಯೂಬ್ನರ್ 17 ಗೋಲು ಹೊಡೆದ, ಬ್ರೆಷಿಯಾ ಮೊದಲ ಎಂಟರೊಳಗೆ ಮುಗಿಸಿತು. ಅದಕ್ಕೆ ಸಿಕ್ಕ ಬಹುಮಾನ: ಆ ಬೇಸಿಗೆಯಲ್ಲಿ ಕ್ಲಬ್ ಇಪ್ಪತ್ತನಾಲ್ಕರ ಲೂಕಾ ತೋನಿಯನ್ನು ಕೊಂಡು ಮೂವತ್ತನಾಲ್ಕರ ಹ್ಯೂಬ್ನರ್‌ನನ್ನು ಪಿಯಾಚೆಂಜಾಕ್ಕೆ ಕಳಿಸಿತು. ಇವೆಲ್ಲ ಮುಗಿದ ಮೇಲೆ ಬರೆದವರು ಹೇಳುತ್ತಾರೆ, ಅವನು ಎಲ್ಲೂ ನಿಲ್ಲಲಿಲ್ಲವಂತೆ.

ಪಿಯಾಚೆಂಜಾ ವಿಚಿತ್ರ ಕ್ಲಬ್. ತೊಂಬತ್ತರ ದಶಕದಲ್ಲಿ ಎಲ್ಲರೂ ವಿದೇಶಿ ತಾರೆಯರ ಹಿಂದೆ ಓಡುತ್ತಿದ್ದಾಗ ಬರೀ ಇಟಲಿಯವರನ್ನೇ ಇಟ್ಟುಕೊಂಡು ಸೀರಿ ಎಯಲ್ಲಿ ಉಳಿದು ತೋರಿಸಿದ ತಂಡ. ಹ್ಯೂಬ್ನರ್ ಬಂದಾಗ ವಾಲ್ಟರ್ ನೊವೆಲ್ಲೀನೊ ಕೋಚ್ ಆಗಿದ್ದರು. ಬೇರೆ ಕ್ಲಬ್ಬುಗಳು ಬೇಡವೆಂದವರೇ ಅಲ್ಲಿ ಬಂದು ಸೇರುತ್ತಿದ್ದರು. 2001-02ರಲ್ಲಿ, ಹದಿನೆಂಟು ತಂಡಗಳ, 34 ಸುತ್ತಿನ ಆ ಲೀಗಿನಲ್ಲಿ ಹ್ಯೂಬ್ನರ್ 24 ಗೋಲು ಹೊಡೆದ. ತಂಡದ ಗೋಲುಗಳಲ್ಲಿ ಹತ್ತಿರ ಹತ್ತಿರ ಅರ್ಧ ಅವನವೇ. 2002ರ ಮೇ 5ರ ಕೊನೆಯ ಸುತ್ತು ಇಟಲಿಯ ಫುಟ್‌ಬಾಲಿನಲ್ಲಿ ಇಂಟರ್‌ನ ಕಣ್ಣೀರಿಗೆ ಪ್ರಸಿದ್ಧ: ರೋಮಿನಲ್ಲಿ ಲಾಟ್ಸಿಯೊಗೆ 2-4ರಿಂದ ಸೋತು ಕೈಯಲ್ಲಿದ್ದ ಪ್ರಶಸ್ತಿಯನ್ನು ಯುವೆಂಟಸ್‌ಗೆ ಬಿಟ್ಟುಕೊಟ್ಟಿತು. ಅದೇ ಹೊತ್ತಿಗೆ ಪಿಯಾಚೆಂಜಾ ವೆರೋನಾವನ್ನು 3-0ರಿಂದ ಸೋಲಿಸಿ ತಾನು ಉಳಿದುಕೊಂಡಿತು, ವೆರೋನಾ ಕೆಳಗಿಳಿಯಿತು. ಹ್ಯೂಬ್ನರ್ ಎರಡು ಗೋಲು ಹೊಡೆದು ಯುವೆಂಟಸ್‌ನ ದವಿದ್ ತ್ರೆಜೆಗೆ ಜೊತೆ ಅಗ್ರಸ್ಥಾನ ಹಂಚಿಕೊಂಡ. ಇಂಟರ್‌ನ ಕ್ರಿಸ್ಟಿಯಾನ್ ವಿಯೆರಿ ಹಿಂದೆ ಬಿದ್ದ. ಸೀರಿ ಎ, ಸೀರಿ ಬಿ, ಸೀರಿ ಸಿ 1 ಈ ಮೂರೂ ದರ್ಜೆಗಳಲ್ಲಿ ಅಗ್ರಗೋಲಿಗನಾದವರು ಇಟಲಿಯ ಇತಿಹಾಸದಲ್ಲಿ ಇಬ್ಬರೇ. ಹ್ಯೂಬ್ನರ್ ಒಬ್ಬ. ಇನ್ನೊಬ್ಬ ಇಗೋರ್ ಪ್ರೊಟ್ಟಿ, ಅವನೂ ಊರೂರು ತಿರುಗಿದವನೇ, 1995-96ರಲ್ಲಿ ಹಿಂಬಡ್ತಿ ಪಡೆದ ಬಾರಿ ಎಂಬ ತಂಡದಲ್ಲಿದ್ದುಕೊಂಡು ಸೀರಿ ಎಯ ಅಗ್ರಗೋಲಿಗನಾದವನು. ಹ್ಯೂಬ್ನರ್ ಸೀರಿ ಬಿಯ ಪಟ್ಟಕ್ಕೇರಿದ್ದೂ ಅದೇ ವರ್ಷ. ಇಬ್ಬರಿಗೂ ರಾಷ್ಟ್ರೀಯ ತಂಡದ ನೀಲಿ ಅಂಗಿ ಒಂದು ದಿನವೂ ಸಿಗಲಿಲ್ಲ.

ಆ ಬೇಸಿಗೆಯ ವಿಶ್ವಕಪ್‌ಗೆ ಜೊವಾನ್ನಿ ತ್ರಪಟ್ಟೋನಿ ವಿಯೆರಿ, ಇಂಜಾಗಿ, ಡೆಲ್ ಪಿಯೆರೊ, ತೊಟ್ಟಿ, ಮೊಂತೆಲ್ಲಾ, ದೆಲ್ವೆಕ್ಕಿಯೊ ಇವರನ್ನು ಕರೆದೊಯ್ದರು. ಒಳ್ಳೆಯ ಪಟ್ಟಿ. ಹರಿದ ಮೊಣಕಾಲನ್ನು ಅವಸರದಲ್ಲಿ ಹೊಲಿಸಿಕೊಂಡು ಬಂದ ಬ್ಯಾಜಿಯೊನನ್ನೇ ಬಿಟ್ಟರು, ದೇಶವೇ ಎರಡು ಪಕ್ಷವಾಗಿ ಜಗಳವಾಡಿತು. ಆ ಜಗಳದಲ್ಲಿ ಹ್ಯೂಬ್ನರ್‌ನ ಹೆಸರಿಗೆ ಜಾಗವಿರಲಿಲ್ಲ. ದೇಶದ ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಇಟಲಿಯವನು ಅವನೇ ಆಗಿದ್ದ. ಬ್ಯಾಜಿಯೊನ ಮೂವತ್ತೈದು ಒಂದು ದುರಂತ ಕಾವ್ಯ, ಹ್ಯೂಬ್ನರ್‌ನ ಮೂವತ್ತೈದು ಬರೀ ವಯಸ್ಸು. ಇಟಲಿ ಡೇಜಾನ್‌ನಲ್ಲಿ ದಕ್ಷಿಣ ಕೊರಿಯಾಕ್ಕೆ ಸೋತು ಬಂದು ರೆಫರಿಯನ್ನು ಬೈಯುತ್ತ ಕೂತಿತು. ಹ್ಯೂಬ್ನರ್ ಹೋಗಿದ್ದರೆ ಗೆಲ್ಲುತ್ತಿತ್ತೆಂದು ಹೇಳುವ ಮೂರ್ಖತನ ನನಗೆ ಬೇಡ. ಕರೆಯದಿರಲು ಕೊಟ್ಟ ಕಾರಣವೇನು ಎಂದು ಯಾರೂ ಕೇಳದ ಸ್ಥಿತಿಯನ್ನು ಮಾತ್ರ ಗಮನಿಸಿ.

ಅದೇ ಬೇಸಿಗೆಯಲ್ಲಿ ಎಸಿ ಮಿಲಾನ್ ತನ್ನ ಅಮೆರಿಕ ಪ್ರವಾಸಕ್ಕೆ ಅವನನ್ನು ಪರೀಕ್ಷೆಗೆಂದು ಕರೆದೊಯ್ದಿತು, ಆಮೇಲೆ ಕೊಳ್ಳಲಿಲ್ಲ. ಈ ಸಂದರ್ಭಕ್ಕೂ ಒಂದು ದಂತಕಥೆ ಅಂಟಿಸಿದ್ದಾರೆ: ಪಂದ್ಯದ ನಡುವಿನ ವಿರಾಮದಲ್ಲಿ ಸಿಗರೇಟು ಸೇದುತ್ತ ಕೋಚ್ ಕಾರ್ಲೊ ಆಂಚೆಲೋಟ್ಟಿಯ ಕಣ್ಣಿಗೆ ಬಿದ್ದನಂತೆ. ಬಿದ್ದಿರಲಿ. ಮಿಲಾನ್ ಬಳಿ ಆಗ ಶೆವ್ಚೆಂಕೊ ಇದ್ದ, ಇಂಜಾಗಿ ಇದ್ದ. ಮರುವರ್ಷ ಆ ತಂಡ ಚಾಂಪಿಯನ್ಸ್ ಲೀಗ್ ಗೆದ್ದಿತು. ಮೂವತ್ತೈದು ದಾಟಿದ ಮೂರನೆಯ ಸ್ಟ್ರೈಕರ್ ಬೇಡವೆಂದು ತೀರ್ಮಾನಿಸಲು ಯಾವ ಕ್ಲಬ್ಬಿಗೂ ಸಿಗರೇಟಿನ ನೆಪ ಬೇಕಿಲ್ಲ. ಕಥೆಗಾರರಿಗೆ ಬೇಕು. ಲೆಕ್ಕಾಚಾರದ ತೀರ್ಮಾನದಲ್ಲಿ ರಸವಿಲ್ಲ, ಹೊಗೆಯಲ್ಲಿದೆ.

ಕೆಳಗಿನ ದರ್ಜೆಗಳಲ್ಲಿ ಅಲೆದವನಲ್ಲಿ ಏನೋ ಕೊರತೆ ಇದ್ದೇ ಇರಬೇಕು ಎನ್ನುವವರಿಗೆ ಇಟಲಿಯೇ 2006ರಲ್ಲಿ ಬರ್ಲಿನ್‌ನಲ್ಲಿ ಉತ್ತರ ಕೊಟ್ಟಿತು. ವಿಶ್ವಕಪ್ ಫೈನಲ್‌ನಲ್ಲಿ ಗೋಲು ಹೊಡೆದ ಮಾರ್ಕೊ ಮತೆರಾಜ್ಜಿ ಮಾರ್ಸಾಲಾ, ತ್ರಾಪಾನಿ, ಕಾರ್ಪಿ ಎಂಬ ಊರುಗಳಲ್ಲಿ ಆಡಿ ಬಂದವನು. (ಮುಂದೆ ಚೆನ್ನೈಗೆ ಬಂದು ಚೆನ್ನೈಯಿನ್ ತಂಡಕ್ಕೆ 2015ರ ಇಂಡಿಯನ್ ಸೂಪರ್ ಲೀಗ್ ಗೆಲ್ಲಿಸಿಕೊಟ್ಟ ಕೋಚ್ ಇವನೇ.) ಕೊನೆಯ ಪೆನಾಲ್ಟಿ ಹೊಡೆದ ಫಾಬಿಯೊ ಗ್ರೊಸ್ಸೊ 2001ರವರೆಗೂ ಕಿಯೇತಿ ಎಂಬ ಸೀರಿ ಸಿ 2 ತಂಡದಲ್ಲಿದ್ದ. ಇನ್ನು ಹ್ಯೂಬ್ನರ್‌ನ ಜಾಗಕ್ಕೆ ಬಂದ ಲೂಕಾ ತೋನಿ: ಮೊಡೆನಾ, ಎಂಪೊಲಿ, ಫಿಯೊರೆಂಜುವೋಲಾ, ಲೊಡಿಜಾನಿ, ತ್ರೆವೀಸೊ, ವಿಚೆಂಜಾ, ಬ್ರೆಷಿಯಾ. ಬಳಿಕ ಪಲೇರ್ಮೊಗಾಗಿ ಸೀರಿ ಬಿಯಲ್ಲಿ 30 ಗೋಲು, ಫಿಯೊರೆಂಟೀನಾದಲ್ಲಿ ಒಂದೇ ಋತುವಿಗೆ 31, ಬಯೆರ್ನ್ ಮ್ಯೂನಿಕ್‌ನಲ್ಲಿ ಜರ್ಮನಿಯ ಅಗ್ರಗೋಲಿಗ. ಇಪ್ಪತ್ತಾರಕ್ಕೆ ತೋನಿಯ ಕಾಲು ಮುರಿದಿದ್ದರೆ ಅವನೂ ನಿಂತ ಕಡೆ ನಿಲ್ಲದವನೆಂಬ ಹಣೆಪಟ್ಟಿ ಹೊತ್ತುಕೊಂಡೇ ಉಳಿಯುತ್ತಿದ್ದ. ಅದಕ್ಕೊಂದು ಚಟವನ್ನೂ ಹುಡುಕಿ ಕೊಡುತ್ತಿದ್ದರು.

ಅಲೆಮಾರಿ ಎಂಬ ಆರೋಪವನ್ನೇ ಲೆಕ್ಕ ಹಾಕಿ ನೋಡಿ. ಫಾನೊದಲ್ಲಿ ಮೂರು ವರ್ಷ, ಚೇಜೇನಾದಲ್ಲಿ ಐದು, ಬ್ರೆಷಿಯಾದಲ್ಲಿ ನಾಲ್ಕು. ಆಟದ ಜೀವನದ ನಡುಗಾಲದ ಹನ್ನೆರಡು ವರ್ಷ ಮೂರೇ ಊರುಗಳಲ್ಲಿ. ಪಿಯಾಚೆಂಜಾದಲ್ಲಿ ಎರಡು, ಎರಡನೆಯ ವರ್ಷವೂ 14 ಗೋಲು, ಆದರೂ ತಂಡ ಹಿಂಬಡ್ತಿ ಪಡೆಯಿತು. ನಿಜವಾದ ಅಲೆದಾಟ ಶುರುವಾದದ್ದು ಮೂವತ್ತಾರರ ಮೇಲೆ: ಆಂಕೋನಾ, ಪೆರುಜಾ, ಮಾಂತೊವಾ. ಅಲೆದವನು ಇವನೇ, ಆದರೆ ಕುಸಿದವರು ಯಾರು? ಆಂಕೋನಾ 2003-04ರಲ್ಲಿ ಬರೀ 13 ಅಂಕ ಗಳಿಸಿ ಅದೇ ಬೇಸಿಗೆಯಲ್ಲಿ ದಿವಾಳಿ. ಪೆರುಜಾ 2005ರಲ್ಲಿ ದಿವಾಳಿ. ಮಾಂತೊವಾ 2010ರಲ್ಲಿ. ಪಿಯಾಚೆಂಜಾ 2012ರಲ್ಲಿ, ಅದೇ ವರ್ಷ ಪೆರ್ಗೊಕ್ರೇಮಾ ಕೂಡ. ಚೇಜೇನಾ 2018ರಲ್ಲಿ. 1911ರಲ್ಲಿ ಹುಟ್ಟಿದ ಬ್ರೆಷಿಯಾ 2025ರ ಬೇಸಿಗೆಯಲ್ಲಿ ಬಾಕಿ ಕಟ್ಟಲಾಗದೆ ವೃತ್ತಿಪರ ಲೀಗಿನಿಂದಲೇ ಹೊರಬಿತ್ತು. ಅವನ ಅಂಗಿಯ ಮೇಲಿದ್ದ ಲಾಂಛನಗಳಲ್ಲಿ ಬಹುಪಾಲು ಹೀಗೆ ನ್ಯಾಯಾಲಯದ ಕಡತ ಸೇರಿದವು. ಕೆಲವು ಊರುಗಳಲ್ಲಿ ಅಭಿಮಾನಿಗಳು ಹೊಸ ಹೆಸರಿನಲ್ಲಿ, ಕೆಳದರ್ಜೆಯಿಂದ ಮತ್ತೆ ಕಟ್ಟಿಕೊಂಡರು. ಈ ಕ್ಲಬ್ಬುಗಳ ಅಧ್ಯಕ್ಷರು ಏನು ಕುಡಿಯುತ್ತಿದ್ದರೆಂದು ಯಾರೂ ಲೇಖನ ಬರೆದಿಲ್ಲ.

ಇಷ್ಟು ಹೊತ್ತು ಬೈದದ್ದು ನಿಂದಕರನ್ನು. ಹೊಗಳುವವರಿಗೂ ಒಂದು ಮಾತಿದೆ, ಯಾಕೆಂದರೆ ಈಚೆಗೆ ಅವರ ಸಂಖ್ಯೆಯೇ ಹೆಚ್ಚು. ಇವರಿಗೆ ಹ್ಯೂಬ್ನರ್ ಅಪ್ಪಟ ಹಳೆಯ ಕಾಲದ ಪ್ರತಿಮೆ: ಬೆಂಚಿನಲ್ಲಿ ಸಿಗರೇಟು, ಬಾರಿನಲ್ಲಿ ಗೆಳೆಯರು, ಭಾನುವಾರ ಗೋಲು. ಇಂದಿನ ಹುಡುಗರು ಕೂದಲಿಗೆ ಬಣ್ಣ ಹಚ್ಚಿ ತೂಕದ ಯಂತ್ರದ ಮೇಲೆ ನಿಲ್ಲುತ್ತಾರೆಂದು ಹೀಗಳೆಯುವುದಕ್ಕೆ ಅವರಿಗೊಬ್ಬ ಟಟಂಕಾ ಬೇಕು. ಪ್ರೀತಿ ನಿಜವಿರಬಹುದು, ಆದರೆ ಇವರೂ ಮಾಡುವುದು ಅದೇ ಕೆಲಸ, ಮನುಷ್ಯನನ್ನು ಪ್ಯಾಕೆಟ್ಟಿನೊಳಗೆ ಹಾಕಿ ಮುಚ್ಚುವುದು. ಸಿಗರೇಟಿನಿಂದಾಗಿ ಕೆಟ್ಟ ಎಂದರೂ ಸಿಗರೇಟಿನಿಂದಾಗಿ ಮಹಾತ್ಮನಾದ ಎಂದರೂ ನಡುವಿನಿಂದ ಆಟ ಮಾಯವಾಗುತ್ತದೆ. ವಾರಕ್ಕೊಮ್ಮೆ ಮಿಂಚಿ ಉಳಿದ ದಿನ ಮಲಗುವವನು ಇಪ್ಪತ್ತು ವರ್ಷ ಗೋಲು ಹೊಡೆಯಲಾರ. ಪ್ರತಿ ಹೊಸ ಊರಿನಲ್ಲಿ ಹೊಸ ಕೋಚ್‌ನ ಲೆಕ್ಕಾಚಾರ, ಹೊಸ ಮಿಡ್‌ಫೀಲ್ಡರನ ಕಾಲಿನ ವೇಗ, ಹೊಸ ಡಿಫೆಂಡರ್‌ನ ದೌರ್ಬಲ್ಯ, ಇವನ್ನು ಮೊದಲಿನಿಂದ ಕಲಿಯಬೇಕು. ಸೀರಿ ಸಿಯಲ್ಲಿ ಒರಟುತನಕ್ಕೆ ಮೈ ಒಡ್ಡಿದ, ಸೀರಿ ಬಿಯಲ್ಲಿ ತಾಳಿಕೊಂಡ, ಸೀರಿ ಎಯಲ್ಲಿ ಮಾಲ್ದೀನಿ, ನೆಸ್ತಾ, ಕನ್ನವಾರೊ ಮಟ್ಟದ ಡಿಫೆಂಡರ್‌ಗಳಿದ್ದ ಕಾಲದಲ್ಲಿ 74 ಗೋಲು ಗಳಿಸಿದ. ಇದು ಕಸುಬುದಾರನ ಬುದ್ಧಿ. ಮೋಜುಗಾರನ ಅದೃಷ್ಟವೆಂದು ಕರೆದು ಚಪ್ಪಾಳೆ ತಟ್ಟುವುದು ಅವಮಾನದ ಇನ್ನೊಂದು ಬಗೆ.

2015ರಲ್ಲಿ ಲೂಕಾ ತೋನಿ ವೆರೋನಾ ತಂಡಕ್ಕೆ 22 ಗೋಲು ಹೊಡೆದು, ಮಾವ್ರೊ ಇಕಾರ್ದಿಯ ಜೊತೆ ಸೀರಿ ಎಯ ಅಗ್ರಗೋಲಿಗನಾದ. ವಯಸ್ಸು ಮೂವತ್ತೆಂಟು. ಅತ್ಯಂತ ಹಿರಿಯ ವಯಸ್ಸಿನ ಅಗ್ರಗೋಲಿಗ ಎಂಬ ಹ್ಯೂಬ್ನರ್‌ನ ದಾಖಲೆ ಹದಿಮೂರು ವರ್ಷದ ನಂತರ ಮುರಿಯಿತು. ಬ್ರೆಷಿಯಾದಲ್ಲಿ ಅವನ ಜಾಗಕ್ಕೆಂದು ಕೊಂಡ ಹುಡುಗನೇ ಅದನ್ನು ಮುರಿದದ್ದು. ಅಷ್ಟು ಹೊತ್ತಿಗೆ ಹ್ಯೂಬ್ನರ್ ಆಟ ನಿಲ್ಲಿಸಿ ಕೆಲವೇ ವರ್ಷಗಳಾಗಿದ್ದವು. ಮಾಂತೊವಾ ಜೊತೆ 2005ರಲ್ಲಿ ಸೀರಿ ಬಿಗೆ ಬಡ್ತಿ ಪಡೆದ ಮೇಲೆ ಅವನು ಕಿಯಾರಿ, ರೊಡೆಂಗೊ ಸಯಾನೊ ಮುಂತಾದ ಬ್ರೆಷಿಯಾ ಸೀಮೆಯ ಹವ್ಯಾಸಿ ತಂಡಗಳಿಗೆ ಹೋಗಿದ್ದ. ಸಂಬಳವೂ ಜನವೂ ಕ್ಯಾಮೆರಾವೂ ಕಡಿಮೆಯಾಗುತ್ತ ಹೋದ ಮೈದಾನಗಳಲ್ಲಿ ಗೋಲು ಹೊಡೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ. ಅವನು ಏನಾಗಬಹುದಿತ್ತೆಂದು ಕೊರಗುವವರು, ನಲವತ್ತರ ಆಸುಪಾಸಿನಲ್ಲೂ ಆ ಮೈದಾನಗಳಿಗೆ ಅವನನ್ನು ಪ್ರತಿ ಭಾನುವಾರ ಕರೆತಂದದ್ದು ಏನೆಂದು ವಿವರಿಸಲಿ. ಆ ವಿವರಣೆಯಲ್ಲಿ ಗ್ರಾಪ್ಪಾ ಬರಕೂಡದು.